ಟ್ರಿಂಕಮಲೀ ಲೇಖನದ ಬಗ್ಗೆ, ಸ್ವಲ್ಪ ನೇರವಾಗಿ

ನಮಸ್ಕಾರ. ತೀರ್ಥಹಳ್ಳಿಯಿಂದ ನೀವು ಕಳಿಸಿದ, ಬ್ರಿಟಿಷ್ ನೌಕಾಪಡೆಗೆ ಅಂತ ತೇಗದಲ್ಲಿ ಕಟ್ಟಿದ ಟ್ರಿಂಕಮಲೀ ಅನ್ನೋ ಹಾಯಿಹಡಗಿನ ಲೇಖನ ಓದ್ದೆ. ವಿಷಯ ಹೊಸದು, ಭಾಷೆ ಸಲೀಸಾಗಿದೆ, ಖುಷಿಯಾಯ್ತು. ಆದ್ರೆ ಎರಡನೇ ಪುಟಕ್ಕೆ ಬರೋ ಹೊತ್ತಿಗೆ ಸಿಟ್ಟೂ ಬಂತು.

"ನೆಪೋಲಿಯನ್ನನ ಎದೆ ನಡುಗಿಸಿದ ಸಮರನೌಕೆ" ಅಂತೀರಿ. ಮಾರಾಯ್ರೆ, ನೆಪೋಲಿಯನ್ ಕೊನೆಗೆ ಸೋತ ವಾಟರ್ಲೂ ಯುದ್ಧ ಮುಗಿದಿದ್ದು 1815ರಲ್ಲಿ, ಈ ಹಡಗು ಬಾಂಬೆಯಲ್ಲಿ ನೀರಿಗಿಳಿದಿದ್ದು 1817ರ ಅಕ್ಟೋಬರಲ್ಲಿ ಅಂತ ಮೊದಲ ಪುಟದಲ್ಲಿ ನೀವೇ ಬರೆದಿದೀರಿ! ನಿಜ ಕಥೆ ಇದಕ್ಕಿಂತ ಚೆನ್ನಾಗಿದೆ ಕಣ್ರೀ. 1812ರಲ್ಲಿ ಆರ್ಡರ್ ಆಯ್ತು, ಇದನ್ನ ಕಟ್ಟೋ ನಕ್ಷೆ ತರ್ತಿದ್ದ ಜಾವಾ ಅನ್ನೋ ಬ್ರಿಟಿಷ್ ಹಡಗನ್ನ ಅಮೆರಿಕದ ಯುದ್ಧನೌಕೆ ಕಾನ್‌ಸ್ಟಿಟ್ಯೂಷನ್ ದಾರೀಲೇ ಹೊಡೆದು ಮುಗಿಸ್ತು, ನಕ್ಷೆ ಮತ್ತೆ ಕಳಿಸ್ಬೇಕಾಯ್ತು, ಬಾಂಬೆಯ ಹಡಗು ಕಟ್ಟೋ ಮೇಸ್ತ್ರಿ ಜಮ್ಷೆಟ್‌ಜಿ ಬೊಮಾನ್‌ಜಿ ವಾಡಿಯಾ ಕಟ್ಟಿ ಮುಗಿಸೋಷ್ಟರಲ್ಲಿ ಯುದ್ಧವೇ ಇಲ್ಲ. ಪೋರ್ಟ್ಸ್‌ಮತ್‌ಗೆ, ಅಂದ್ರೆ ಇಂಗ್ಲೆಂಡಿನ ನೌಕಾಪಡೆ ಬಂದರಿಗೆ ಹೋಗಿ ಸುಮಾರು 25 ವರ್ಷ ಸುಮ್ನೆ ನಿಂತ್ಕೊಳ್ತು. ಅಷ್ಟನ್ನೂ ನೀವು "ಕಾಲಚಕ್ರ ಉರುಳಿತು" ಅಂತ ಹಾರಿಸಿಬಿಟ್ರಿ.

ಇನ್ನು "ಅಭೇದ್ಯ, ಅಜೇಯ, ಅಮರ ತೇಗ". ಮೂರು ವಿಶೇಷಣ, ಒಂದೂ ಕಾರಣ ಇಲ್ಲ. ಓಕ್ ಮರದ ಆಮ್ಲ ಕಬ್ಬಿಣದ ಮೊಳೆನ ತಿನ್ನುತ್ತೆ, ತೇಗದ ಎಣ್ಣೆ ಅದನ್ನ ಕಾಯುತ್ತೆ, ಮರವೂ ಬೇಗ ಕೊಳೆಯಲ್ಲ. ಮೇಲಿಂದ ಯುದ್ಧದಿಂದಾಗಿ ಇಂಗ್ಲೆಂಡಲ್ಲಿ ಓಕ್ ಸಿಗೋದೇ ಕಷ್ಟ ಆಗಿತ್ತು. ಹಡಗು ಇವತ್ತಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ನೀರ ಮೇಲೇ ಇದೆ ಅಂದ್ರೆ ಇದೂ ಒಂದು ಕಾರಣ, ಇದನ್ನ ಬರೀಬೇಕಿತ್ತು.

ನಾನು ಶಿವಮೊಗ್ಗದಲ್ಲಿ ಪೇಪರ್ ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಒಬ್ರು ಹಿರಿಯ ಸಬ್ ಎಡಿಟರ್ ಇದ್ರು, ಯಾರಾದ್ರೂ ಅಡಿಕೆಗೆ "ಕೆಂಪು ಚಿನ್ನ" ಅಂತ ಬರ್ಕೊಂಡ್ ಬಂದ್ರೆ ಕಾಗದ ವಾಪಸ್ ತಳ್ಳಿ, "ರಾಶಿನೋ ಬೆಟ್ಟೆನೋ ಗೊರಬಲೋ, ಯಾವ ಬಗೆ ಅಡಿಕೆ, ಮೊದ್ಲು ಅದು ಹೇಳು" ಅನ್ನೋರು. ಎಪಿಎಂಸಿ ಯಾರ್ಡಿಗೆ ಓಡಿಸೋರು, ವ್ಯಾಪಾರಿಗಳು ಚೀಲದಿಂದ ಅಡಿಕೆ ತೆಗೆದು ಕತ್ತರಿಸಿ ಒಳಗಿನ ಬಣ್ಣ ನೋಡೋದನ್ನ ಪಕ್ಕದಲ್ಲೇ ನಿಂತು ನೋಡ್ಕೊಂಡ್ ಬರ್ಬೇಕಿತ್ತು. ಬೈಕೊಂಡೇ ಹೋಗ್ತಿದ್ವಿ, ಬಸ್ ಚಾರ್ಜೂ ನಮ್ದೇ!

"ನಮ್ಮ ಶಿವಮೊಗ್ಗದ ತೇಗವೇ ಸಾಗರ ದಾಟಿತು" ಅನ್ನೋ ಸಾಲಿಗೆ ದಾಖಲೆ ಇದ್ರೆ ತೋರಿಸಿ, ಇಲ್ಲಾಂದ್ರೆ ಹೊಡೆದುಹಾಕಿ. ಎಲ್ಲರೂ ಹೇಳೋದು ಮಲಬಾರ್ ತೇಗ ಅಂತ, ಊರಿನ ಅಭಿಮಾನಕ್ಕೆ ಅದನ್ನ ಘಟ್ಟ ಹತ್ತಿಸ್ಬೇಡಿ.

ಆ 25 ವರ್ಷದ ಮೇಲೆ ಒಂದು ಪುಟ ಬರೀರಿ. ಕೆಲಸ ಇಲ್ಲದ ಯುದ್ಧನೌಕೆಯ ಫಿರಂಗಿ, ಹಾಯಿ, ಕೂವೆಗಂಬ ಎಲ್ಲ ಏನ್ಮಾಡ್ತಿದ್ರು, ಕಾವಲಿಗೆ ಯಾರಿರ್ತಿದ್ರು, ಹುಡುಕಿ. ನೆಪೋಲಿಯನ್ನನ್ನ ಮಾತ್ರ ಮತ್ತೆ ಕರ್ಕೊಂಡ್ ಬರ್ಬೇಡಿ.