ಇನ್ನೆಷ್ಟು ದಿನ ತರಬೇತಿ?

ಪುನರ್ವಸತಿ ಕೇಂದ್ರವೊಂದರ ಕೌನ್ಸೆಲರ್ ಬರೆದಿದ್ದಾರೆ: "ತೀವ್ರ ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವ ಹುಡುಗನೊಬ್ಬ ನಮ್ಮಲ್ಲಿ ಎರಡು ವರ್ಷದಿಂದ ತರಬೇತಿಯಲ್ಲಿದ್ದಾನೆ. ಕೆಲಸ ಕೊಡಿಸಿ ಅಂತ ದಿನಾ ಕೇಳ್ತಾನೆ. ಪೂರ್ತಿ ತಯಾರಾಗದೆ ಕಳಿಸಿದರೆ ಸೋತು, ಕಾಯಿಲೆ ಮರುಕಳಿಸೀತು ಅಂತ ಭಯ. ನಾನು ತಡೆದಿರುವುದು ಸರಿ ಅಲ್ವಾ?"

ನಿಮ್ಮ ಭಯದ ಹಿಂದೆ ಪ್ರೀತಿಯಿದೆ, ಗೊತ್ತು. ವೆಲ್ಡಿಂಗ್, ವೈರಿಂಗ್‌ನಂಥ ಕೆಲಸಕ್ಕೆ ಮೊದಲೇ ಕಲಿತಿರಬೇಕು, ಅದನ್ನೂ ಒಪ್ಪುತ್ತೇನೆ. ಆದರೆ 'ದಿನಾ ಕೇಳ್ತಾನೆ' ಎಂದು ನೀವೇ ಬರೆದಿದ್ದೀರಿ. ಅದಕ್ಕಿಂತ ದೊಡ್ಡ ತಯಾರಿ ಯಾವುದು?

ಅಮೆರಿಕದಲ್ಲಿ ರಾಬರ್ಟ್ ಡ್ರೇಕ್ ಮತ್ತು ಡೆಬೊರಾ ಬೆಕರ್ ತೀವ್ರ ಮಾನಸಿಕ ಕಾಯಿಲೆಯವರಿಗಾಗಿ ರೂಪಿಸಿದ ಐಪಿಎಸ್ (ಇಂಡಿವಿಜುವಲ್ ಪ್ಲೇಸ್‌ಮೆಂಟ್ ಅಂಡ್ ಸಪೋರ್ಟ್, ಅಂದರೆ ಒಬ್ಬೊಬ್ಬರಿಗೂ ಕೆಲಸ ಹುಡುಕಿಕೊಟ್ಟು ಜೊತೆಗೆ ನಿಲ್ಲುವ) ಪದ್ಧತಿಯಲ್ಲಿ ಕೆಲಸದ ಆಸೆಯೇ ಅರ್ಹತೆ. ಮೊದಲು ಕೆಲಸ, ಕಲಿಕೆ ಅಲ್ಲೇ. ಲಂಡನ್, ಜ್ಯೂರಿಕ್, ಸೋಫಿಯಾ ಸೇರಿ ಯುರೋಪಿನ ಆರು ಕಡೆ 312 ಮಂದಿಯ ಮೇಲೆ ಇದನ್ನು ಹದಿನೆಂಟು ತಿಂಗಳು ಪರೀಕ್ಷಿಸಿದರು. 2007ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ. ಈ ಪದ್ಧತಿಯವರಲ್ಲಿ ನೂರಕ್ಕೆ 55 ಮಂದಿಗೆ ಕೆಲಸ ಸಿಕ್ಕಿತ್ತು. ಮಾಮೂಲಿ ತರಬೇತಿ ಸೇವೆಯವರಲ್ಲಿ 28 ಮಂದಿಗೆ. ಆಸ್ಪತ್ರೆಗೆ ಮತ್ತೆ ಸೇರಿದವರೂ ತರಬೇತಿ ಗುಂಪಿನಲ್ಲೇ ಜಾಸ್ತಿ. ನಿಮ್ಮ ಭಯಕ್ಕೆ ಉತ್ತರ ಅಲ್ಲಿದೆ.

ನಮ್ಮ ಕಚೇರಿಯಲ್ಲಿ ಕರಡು ತಿದ್ದಲು ಸೇರಿದ ಹೆಣ್ಣುಮಗಳೊಬ್ಬಳಿಗೆ ಕಿವಿ ಕೇಳಿಸುತ್ತಿರಲಿಲ್ಲ. ಬರುವಾಗ ಕೈಯಲ್ಲಿ ಮೂರು ಸರ್ಟಿಫಿಕೇಟ್ ಇದ್ದವು: ಕಂಪ್ಯೂಟರ್, ಹೊಲಿಗೆ, ಮತ್ತೆ ಕಂಪ್ಯೂಟರ್. ಮೊದಲ ವಾರ ತಪ್ಪುಗಳಾದವು. ಕಾರಣ ನಾವು. ಕೊನೇ ಗಳಿಗೆಯ ಬದಲಾವಣೆಗಳನ್ನು ಆ ಮೇಜಿನಿಂದ ಈ ಮೇಜಿಗೆ ಕೂಗಿ ಹೇಳುತ್ತಿದ್ದೆವು. ಜೊತೆಗೆ ಬಂದಿದ್ದ ಜಾಬ್ ಕೋಚ್ (ಕೆಲಸದ ಜಾಗದಲ್ಲೇ ಜೊತೆಗಿದ್ದು ನೆರವಾಗುವವರು) ಅರ್ಧ ದಿನ ಮೂಲೆಯಲ್ಲಿ ಕೂತು ನೋಡಿದರು. ಮರುದಿನ ಒಂದು ಬಿಳಿ ಹಲಗೆ ತಂದು ಗೋಡೆಗೆ ತಗುಲಿಸಿದರು. ಈಗ ನಾವೆಲ್ಲ ಅದರ ಮೇಲೇ ಬರೆಯುತ್ತೇವೆ. ಆ ಹಲಗೆ ಬೇಕು ಅಂತ ಯಾವ ತರಗತಿಯಲ್ಲಿ ಗೊತ್ತಾಗುತ್ತಿತ್ತು ಹೇಳಿ?

ನನಗೆ ಸಿಟ್ಟಿರುವುದು ತಲೆ ಎಣಿಸುವವರ ಮೇಲೆ. ಇಷ್ಟು ಜನಕ್ಕೆ ತರಬೇತಿ ಕೊಟ್ಟೆವು ಎಂದು ವರದಿ ಬರೆಯುತ್ತಾರೆ. ಎಷ್ಟು ಜನ ಸಂಬಳ ತಂದರು ಎಂದು ಬರೆಯುವವರು ಕಡಿಮೆ. ಅಮೆರಿಕದ ಸರ್ಕಾರಿ ಉದ್ಯೋಗ ಪುನರ್ವಸತಿ ಸೇವೆಯ ನಿಯಮದಲ್ಲೂ ಕೆಲಸದಲ್ಲಿ 90 ದಿನ ನಿಂತರೆ ಫೈಲ್ ಮುಚ್ಚಬಹುದು. ಆಮೇಲೆ ಸೂಪರ್‌ವೈಸರ್ ಬದಲಾದರೆ? ಪಾಳಿ ಬದಲಾಗಿ ಮಾತ್ರೆಯ ಹೊತ್ತು ತಪ್ಪಿದರೆ? ಆಗಲೇ ಅಲ್ವಾ ಜೊತೆಗೊಬ್ಬರು ಬೇಕಾಗುವುದು? ಇನ್ನು ಕೆಲಸದ ಜಾಹೀರಾತುಗಳೋ, ಡಬ್ಬಿಗೆ ಚೀಟಿ ಅಂಟಿಸುವ ಕೆಲಸಕ್ಕೂ ಚುರುಕು ಮಾತಿನವರು ಬೇಕಂತೆ.

ಈ ವಾರವೇ ಹುಡುಗನ ಜೊತೆ ಕೂತುಕೊಳ್ಳಿ. ಅವನಿಗೆ ಯಾವ ಕೆಲಸ ಇಷ್ಟ, ದಿನದ ಯಾವ ಹೊತ್ತು ಹಗುರ ಅಂತ ಕೇಳಿ. ಕಾಯಿಲೆಯ ವಿಷಯ ಮಾಲೀಕರಿಗೆ ಹೇಳಬೇಕೋ ಬೇಡವೋ ಅವನೇ ತೀರ್ಮಾನಿಸಲಿ. ಆಮೇಲೆ ನಾಲ್ಕು ಕಡೆ ನೀವೇ ಹೋಗಿ. ಕರುಣೆ ಬೇಡಬೇಡಿ, ಸುಮ್ನೆ 'ನಿಮ್ಮಲ್ಲಿ ಯಾವ ಕೆಲಸ ಬಾಕಿ ಬೀಳ್ತಿದೆ?' ಅಂತ ವಿಚಾರಿಸಿ. ಅವನು ಸೇರಿದ ದಿನ ನನಗೆ ಎರಡು ಸಾಲು ಬರೆಯಿರಿ. ಆರು ತಿಂಗಳಾದ ಮೇಲೆ ಇನ್ನೆರಡು ಸಾಲು.