ಮರದ ಹೊಟ್ಟು ಬೆರೆಸಿದ ಮೇಲೆ ಬದನೆ ಹಳದಿಯಾಗಿದೆ, ಏನು ಮಾಡಲಿ?

ಪ್ರಶ್ನೆ: ಹಿತ್ತಲಿನ 10 ಅಡಿ ಉದ್ದ, 10 ಅಡಿ ಅಗಲದ ಕೆಂಪುಮಣ್ಣು ಬೇಸಿಗೆಯಲ್ಲಿ ಕಲ್ಲಾಗುತ್ತಿತ್ತು. ಸಡಿಲವಾಗಲೆಂದು ಎರಡು ಚೀಲ ಮರದ ಹೊಟ್ಟು, ಜೊತೆಗೆ ಹಸಿ ಸಗಣಿ ಹಾಕಿ ಅಗೆದೆ. ಈಗ ಬದನೆಯ ಕೆಳಗಿನ ಎಲೆಗಳು ಹಳದಿಯಾಗಿವೆ, ಬುಡದಲ್ಲಿ ಗೆದ್ದಲು ಕಾಣಿಸಿದೆ. ಬೂದಿ ಹಾಕಲೇ?
– ಓದುಗರು, ಕೋಲಾರ

ಉತ್ತರ: ಬೂದಿ ಬೇಡ. ಅದರಲ್ಲಿ ಸುಣ್ಣ, ಪೊಟ್ಯಾಷ್ ಇವೆ, ಸಾರಜನಕ ಇಲ್ಲ. ನಿಮ್ಮ ಗಿಡಕ್ಕೆ ಸಾಲದೆ ಬಂದಿರುವುದು ಸಾರಜನಕವೇ. ಬೋರ್‌ವೆಲ್ಲಿನ ಗಡಸು ನೀರು ಹಾಯಿಸುತ್ತಿದ್ದರಂತೂ ಬೂದಿಯಿಂದ ಕ್ಷಾರ ಇನ್ನಷ್ಟು ಏರಿ, ಕಬ್ಬಿಣ, ಸತುವು ಬೇರಿಗೆ ದಕ್ಕುವುದಿಲ್ಲ.

ಹೊಟ್ಟಿನಲ್ಲಿ ಇಂಗಾಲ ವಿಪರೀತ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ. ಗಿಡ ಆಗ ಹಳೆಯ ಎಲೆಯ ಸಾರವನ್ನು ಚಿಗುರಿಗೆ ಸಾಗಿಸುತ್ತದೆ, ಹಾಗಾಗಿ ಹಳದಿ ಕೆಳಗಿನಿಂದ ಶುರುವಾಗುತ್ತದೆ. ಹೊಟ್ಟನ್ನು ಮೇಲೆ ಹೊದಿಸಿದ್ದರೆ ಇಷ್ಟು ತೊಂದರೆಯಿರಲಿಲ್ಲ. ಮಣ್ಣೊಳಗೆ ಬೆರೆಸಿದ್ದೇ ತಪ್ಪಾಯಿತು. ಈಗ ಅಗೆದು ತೆಗೆಯಲು ಹೋಗಬೇಡಿ, ಬೇರು ಹರಿಯುತ್ತದೆ.

100 ಗ್ರಾಂ ಕಡಲೆಕಾಯಿ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ಮೂರು ದಿನ ನೆನೆಸಿ. ಸೋಸಿ, ಹತ್ತು ಪಟ್ಟು ನೀರು ಬೆರೆಸಿ, ಗಿಡಕ್ಕೆ ಅರ್ಧ ಲೀಟರಿನಂತೆ ವಾರಕ್ಕೊಮ್ಮೆ, ಬುಡಕ್ಕೆ ತಾಗದಂತೆ ಒಂದು ಗೇಣು ಆಚೆ ಹಾಕಿ. ಒಣ ಹಿಂಡಿಯನ್ನೇ ಚೆಲ್ಲಿದರೆ ಇರುವೆ, ಇಲಿ ಸೇರುತ್ತವೆ. ಮೂರ್ನಾಲ್ಕು ವಾರ ಹೊಸ ಎಲೆಯ ಬಣ್ಣ ಗಮನಿಸಿ. ಹಳದಿಗಟ್ಟಿದ ಎಲೆ ಮತ್ತೆ ಹಸಿರಾಗುವುದು ಕಷ್ಟ. ಅದನ್ನು ನೋಡಿ ಪ್ರಮಾಣ ಹೆಚ್ಚಿಸಬೇಡಿ.

ಗೆದ್ದಲಿಗೆ ಮೇವಾಗಿರುವುದು ಒಣ ಹೊಟ್ಟು ಮತ್ತು ಕಳಿಯದ ಸಗಣಿ. ಒಂದು ಕಿಲೋ ಬೇವಿನ ಹಿಂಡಿಯನ್ನು ಇಡೀ ಮಡಿಗೆ ಹರಡಿ, ಮೇಲ್ಮಣ್ಣಿಗೆ ತೆಳುವಾಗಿ ಕೆದಕಿ ನೀರು ಕೊಡಿ. ಮಣ್ಣು ಪೂರ್ತಿ ಒಣಗಲು ಬಿಡಬೇಡಿ.

ಮಣ್ಣು ಗಟ್ಟಿಯಾಗುವುದಕ್ಕೆ ಮದ್ದು ಬೇರೆ. ಬದನೆ ಮುಗಿದ ಮೇಲೆ, ಮುಂಗಾರಿನ ಮೊದಲ ಹದಕ್ಕೆ ಹಸಿರೆಲೆ ಗೊಬ್ಬರದ ಬೆಳೆಯಾದ ಅಪ್ಸೆಣಬಿನ 50 ಗ್ರಾಂ ಬೀಜ ಬಿತ್ತಿ. ಸುಮಾರು 45 ದಿನಕ್ಕೆ, ಹೂ ಬಿಡತೊಡಗಿದಾಗ ಕತ್ತರಿಸಿ ಮಣ್ಣಿಗೆ ಸೇರಿಸಿ. ತಡವಾದರೆ ಕಾಂಡ ನಾರಾಗಿ, ಹೊಟ್ಟಿನ ತೊಂದರೆಯೇ ಮರುಕಳಿಸುತ್ತದೆ. ಎರಡು ಮೂರು ವಾರ ಕೊಳೆಯಲು ಬಿಟ್ಟು, 40 ಕಿಲೋ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ಸಸಿ ನೆಡಿ. ಗೊಬ್ಬರ ಕೊಳ್ಳುವಾಗ ರಾಶಿಯೊಳಗೆ ಕೈ ಹಾಕಿ ನೋಡಿ: ಬೆಚ್ಚಗಿದ್ದರೆ, ಸಗಣಿಯ ವಾಸನೆ ಬಂದರೆ, ದಪ್ಪನೆಯ ಬಿಳಿ ಗೊಣ್ಣೆಹುಳು ಸಿಕ್ಕರೆ ಬಿಟ್ಟುಬನ್ನಿ.