ಇಷ್ಟದ ರಾಕ್ ಆಲ್ಬಂ ಎಷ್ಟು ಸಲ ಕೇಳಿದರೂ ಬೇಸ್ ಗಿಟಾರ್ ಬೇರೆಯಾಗಿ ಕೇಳಿಸುವುದಿಲ್ಲ. ಗಮನವಿಟ್ಟು ಕೇಳುವುದು ಹೇಗೆ?

ಫೋನಿನ ಸ್ಪೀಕರಿನಲ್ಲಿ ಕೇಳುತ್ತಿದ್ದರೆ ತಪ್ಪು ನಿಮ್ಮ ಕಿವಿಯದಲ್ಲ. ನಾಲ್ಕು ತಂತಿಯ ಬೇಸ್‌ನ ಅತಿ ಕೆಳಗಿನ ಸ್ವರ ಸುಮಾರು 41 ಹರ್ಟ್ಜ್. ಅಷ್ಟು ಪುಟ್ಟ ಸ್ಪೀಕರಿಗೆ ಅದು ಎಟುಕುವುದಿಲ್ಲ. ಹೆಡ್‌ಫೋನ್ ಬೇಕು, ಅದೂ ಎರಡೂ ಕಿವಿಗೆ. ಒಂದೇ ಬಡ್ ಹಾಕಿಕೊಂಡರೆ ಪೂರ್ತಿ ಎಡಕ್ಕೋ ಬಲಕ್ಕೋ ಸರಿಸಿಟ್ಟ ಗಿಟಾರ್ ಮಾಯವಾಗಬಹುದು.

ಆ್ಯಪ್‌ನಲ್ಲಿ ಷಫಲ್, ಈಕ್ವಲೈಜರ್ (ಮಂದ್ರ, ತಾರ ಸ್ವರಗಳನ್ನು ಏರಿಳಿಸುವ ಸೆಟ್ಟಿಂಗ್), ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಯನ್ನು ಮುಂದಿನದರ ಆರಂಭದೊಂದಿಗೆ ಬೆರೆಸುವುದು) ಆಫ್ ಮಾಡಿ. ಬ್ರಿಟಿಷ್ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ 'ದ ಡಾರ್ಕ್ ಸೈಡ್ ಆಫ್ ದ ಮೂನ್' (1973) ತರಹ ಹಾಡಿಗೆ ಹಾಡು ಕೂಡಿಕೊಂಡೇ ಸಾಗುವ ಆಲ್ಬಂಗಳಲ್ಲಿ ಕ್ರಾಸ್‌ಫೇಡ್ ಆ ಹೆಣಿಗೆಯನ್ನೇ ಕೆಡಿಸುತ್ತದೆ.

ಮೊದಲು ಸುಮ್ಮನೆ ಪೂರ್ತಿ ಕೇಳಿ. ಆಮೇಲೆ ಒಂದೇ ಹಾಡು ಹಿಡಿದು, ಸಲಕ್ಕೊಂದು ವಾದ್ಯ. ಬೇಸ್ ಹುಡುಕಲು ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮಾದ ಕಿಕ್ ಡ್ರಮ್‌ನಿಂದ ಶುರು ಮಾಡಿ. ಸಾಮಾನ್ಯವಾಗಿ ಎರಡೂ ಮಿಕ್ಸ್‌ನ, ಅಂದರೆ ಎಲ್ಲ ವಾದ್ಯಗಳನ್ನೂ ಬೆರೆಸಿದ ಧ್ವನಿಯ, ಎಡಬಲಗಳ ನಟ್ಟನಡುವೆ ಇರುತ್ತವೆ. ಕಿಕ್ 'ಧಬ್' ಎಂದು ನಿಂತ ಮೇಲೂ ಎಳೆದುಕೊಂಡು ಹೋಗುವ ಮಂದ್ರ ಸ್ವರವೇ ಬೇಸ್. ಅದನ್ನು ಗುನುಗಿ ನೋಡಿ. ಗುನುಗಲು ಬರಲಿಲ್ಲವೆಂದರೆ ಇನ್ನೂ ಸರಿಯಾಗಿ ಕೇಳಿಸಿಲ್ಲ ಅಂತಲೇ ಲೆಕ್ಕ. ಅಭ್ಯಾಸಕ್ಕೆ ಅದೇ ಆಲ್ಬಂನ 'ಮನಿ' ಹೇಳಿಮಾಡಿಸಿದಂತಿದೆ: ಬೇಸ್ ಜೊತೆ ಏಳೇಳು ಎಣಿಸುತ್ತಾ ಹೋಗಿ. ಸ್ಯಾಕ್ಸೊಫೋನ್ ಸೋಲೋ ದಾಟುವವರೆಗೂ ಎಣಿಕೆ ಸರಿಯಿರುತ್ತದೆ, ಗಿಟಾರ್ ಸೋಲೋಗೆ ಬಂದಾಗ ತಪ್ಪುತ್ತದೆ. ಅಲ್ಲಿ ತಾಳ ನಾಲ್ಕಕ್ಕೆ ತಿರುಗಿರುತ್ತದೆ.

ವಾಲ್ಯೂಮ್ ತೀರಾ ತಗ್ಗಿಸಬೇಡಿ, ಸಣ್ಣ ಶಬ್ದದಲ್ಲಿ ನಮ್ಮ ಕಿವಿ ಮಂದ್ರಕ್ಕೆ ಮಂದ. ಹಾಗಂತ ಕಿವಿ ಗುಂಯ್‌ಗುಡುವಷ್ಟು ಜೋರೂ ಬೇಡ. ಹಳೆಯ ಆವೃತ್ತಿಯನ್ನೂ ರೀಮಾಸ್ಟರನ್ನೂ (ಅದೇ ಧ್ವನಿಮುದ್ರಣವನ್ನು ಹೊಸದಾಗಿ ಹದಗೊಳಿಸಿದ ಆವೃತ್ತಿ) ಹೋಲಿಸುವುದಾದರೆ ಎರಡರ ಶಬ್ದಮಟ್ಟ ಮೊದಲು ಸಮ ಮಾಡಿಕೊಳ್ಳಿ, ಇಲ್ಲವಾದರೆ ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸಿಬಿಡುತ್ತದೆ.